ಅಜ್ಜಿಯ ಕೈಗೆ ರಿಮೋಟು

ಮುಂಡಗೋಡ ತಾಲ್ಲೂಕಿನ ಇಂದೂರದಲ್ಲಿ ಪರಿಚಯದವರ ಮನೆಗೆ ಒಂದು ಸಂಜೆ ಹೋಗಿದ್ದೆ. ನಾಲ್ಕು ವರ್ಷದ ಹುಡುಗ ಟೀವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ತಾಟಿನೊಳಗೆ ಹಾಲು-ರೊಟ್ಟಿ ನೆನೆದು ಮುದ್ದೆಯಾಗಿತ್ತು. ಅಜ್ಜಿ ತುತ್ತು ಹಿಡಿದು, 'ತಮ್ಮಾ, ಬಾಯಿ ತಗಿಯೋ' ಎಂದು ಮೂರು ಸಲ ಕರೆದಳು. ಹುಡುಗ ಕಣ್ಣು ಕೀಳದೆ ಹಿಂದಿಯಲ್ಲಿ 'ರುಕೋ' (ತಡಿ) ಎಂದ. ಅಜ್ಜಿಗೆ ಅದು ರೊಕ್ಕ ಎಂದು ಕೇಳಿಸಿತು. 'ರೊಕ್ಕ ಯಾಕ ಬೇಕೋ ನಿನಗ? ಮೊದಲ ಉಣ್ಣು' ಎಂದಳು. ಎಲ್ಲರೂ ನಕ್ಕೆವು. ನಗು ಮುಗಿದ ಮೇಲೆ ಹುಡುಗನ ತಾಯಿ ಕೇಳಿದಳು: 'ಸಣ್ಣ ಹುಡುಗರಿಗೆ ಛಲೋ ಚಾನೆಲ್ ಯಾವ್ದರೀ ಅಕ್ಕೋರ? ಅದನ್ನ ಹಾಕಸ್ತೀವಿ.'

ಪ್ರಶ್ನೆ ಚಿಕ್ಕದಲ್ಲ. ಬೇಕಾದ ಚಾನೆಲ್ಲನ್ನಷ್ಟೇ ಆರಿಸಿ ದುಡ್ಡು ಕೊಡುವ ಅವಕಾಶ 2019ರಿಂದ ನಮಗಿದೆ. ಆದರೂ ಎಷ್ಟೋ ಮನೆಗಳಲ್ಲಿ ಡಿಶ್ ರೀಚಾರ್ಜ್ ಮಾಡುವವನು ಹಾಕಿಕೊಟ್ಟ ಪ್ಯಾಕೇ ಮಕ್ಕಳ ಪಾಠಪಟ್ಟಿ. ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ ನೋಡುವ ನಾವು, ಮಗುವಿನ ಕಿವಿಗೆ ಬೀಳುವ ಮಾತನ್ನು ಹಾಗೆ ನೋಡುವುದಿಲ್ಲ.

ಮೊದಲು ವಯಸ್ಸು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡು ತುಂಬದ ಕೂಸಿಗೆ ಟೀವಿ ಬೇಡವೇ ಬೇಡ; ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಹಾಗಾಗಿ ತೊಟ್ಟಿಲ ಕೂಸಿಗೆ ಒಳ್ಳೆಯ ಚಾನೆಲ್ ಎಂಬುದೇ ಇಲ್ಲ. ಆರಿಸುವ ಮಾತು ಶುರುವಾಗುವುದು ಆಮೇಲೆ.

ಆಮೇಲೆ ಬರುವುದು ಭಾಷೆ. ಇಲ್ಲಿ ನಮ್ಮದೇ ಒಂದು ಹಳೆಯ ಲೆಕ್ಕವಿದೆ. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿತು. ಕಾರಣ ಸುಳ್ಳಲ್ಲ, ಅಕ್ಕಪಕ್ಕದ ದೊಡ್ಡ ಉದ್ಯಮಗಳ ನಡುವೆ ಸಣ್ಣ ಉದ್ಯಮವೊಂದು ಬದುಕಬೇಕಿತ್ತು. ಅದರ ಬೆಲೆಯಲ್ಲಿ ಒಂದು ಪಾಲನ್ನು ಮಕ್ಕಳು ತೆತ್ತರು. ಲೋಕದ ಕಾರ್ಟೂನುಗಳೆಲ್ಲ ಅವರಿಗೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಬಂದವು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಊರು ನಮ್ಮದು, ಸ್ವಾಮಿಯಾದ ಹುಡುಗ ನಮ್ಮವನು. ದೂರದರ್ಶನದಲ್ಲಿ ಅವನು ಆಡಿದ್ದು ಮಾತ್ರ ಹಿಂದಿ. ಕನ್ನಡದ ಮಕ್ಕಳಿಗೆಂದೇ ಒಂದು ವಾಹಿನಿ, ಚಿಂಟು ಟೀವಿ, ಬಂದದ್ದು 2009ರಲ್ಲಿ. ಡಬ್ಬಿಂಗ್ ತಡೆಯುವುದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಕನ್ನಡದಲ್ಲಿ ಸಿಗುವುದೇ ಇಲ್ಲ ಎಂಬ ನೆಪಕ್ಕೆ ಈಗ ಜಾಗವಿಲ್ಲ.

'ಹಿಂದಿ ಪುಕ್ಕಟೆ ಬರ್ತದಲ್ಲರೀ, ಬಂದರೇನು ಕೆಟ್ಟದ್ದು?' ಎನ್ನುವವರಿದ್ದಾರೆ. ಹಿಂದಿ ಬಂದರೆ ಕೆಟ್ಟದ್ದೇನಿಲ್ಲ. ಟೀವಿಯಿಂದ ಎಷ್ಟು ಬರುತ್ತದೆ ಎಂಬುದು ಪ್ರಶ್ನೆ. ಅಮೆರಿಕದಲ್ಲಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂಬತ್ತು ತಿಂಗಳ ಕೂಸುಗಳ ಎದುರು ಕೂತು ಚೀನಿ ಭಾಷೆಯಲ್ಲಿ ಆಡಿಸಿದಾಗ, ಹನ್ನೆರಡು ಸಲದಲ್ಲಿ ಅವು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು ಟೀವಿಯಲ್ಲಿ ಬಂದಾಗ ಕಲಿಯಲಿಲ್ಲ. ನಾಲ್ಕು ವರ್ಷದ ಹುಡುಗ ಟೀವಿಯಿಂದ ಶಬ್ದ ಹೆಕ್ಕುತ್ತಾನೆ, ನಿಜ. 'ರುಕೋ' ಬಂದದ್ದು ಹಾಗೆಯೇ. ಆದರೆ ಅದಕ್ಕೆ ಮಾರುತ್ತರ ಕೊಡುವವರು ಮನೆಯಲ್ಲಿ ಯಾರಿದ್ದಾರೆ? ಶಬ್ದ ಬಂತು, ಮಾತುಕತೆ ಬರಲಿಲ್ಲ. ಅಜ್ಜಿ ಮೊಮ್ಮಗನ ನಡುವೆ ಇದ್ದದ್ದೂ ಕಡಿಯಿತು.

ಹಾಗಾದರೆ ಕನ್ನಡ ಚಾನೆಲ್ ಹಾಕಿದರೆ ಮುಗಿಯಿತೇ? ನಮ್ಮ ಸೀಮೆಯಲ್ಲಿ ಅಷ್ಟು ಸಲೀಸಿಲ್ಲ. ಹಳಿಯಾಳದ ಸಿದ್ದಿಯರ ಮನೆಯಲ್ಲಿ ಅವರದೇ ಕೊಂಕಣಿ, ಗೌಳಿಗರ ದಡ್ಡಿಯಲ್ಲಿ ಮರಾಠಿ, ಮುಂಡಗೋಡದ ಕ್ಯಾಂಪುಗಳಲ್ಲಿ ಟಿಬೆಟನ್, ತಾಂಡಾಗಳಲ್ಲಿ ಲಂಬಾಣಿ. ಕನ್ನಡದ ಮನೆಯಲ್ಲೂ 'ಹೋಗೂಣ ಬರ್ರಿ' ಎನ್ನುವ ಮಗುವಿಗೆ ಕಾರ್ಟೂನಿನ ಕರಡಿ 'ಹೋಗೋಣ ಬನ್ನಿ ಗೆಳೆಯರೇ' ಎಂದು ಪುಸ್ತಕ ಓದಿದಂತೆ ಕರೆಯುತ್ತದೆ. ಆದ್ದರಿಂದ ನನ್ನ ಅಳತೆಗೋಲು ಇದು: ನೋಡಿದ್ದರ ಬಗ್ಗೆ ಮಗುವಿನ ಜೊತೆ ಮಾತಾಡಲು ಮನೆಯ ದೊಡ್ಡವರೊಬ್ಬರಿಗೆ ಬರುವ ಭಾಷೆಯೇ ಆ ಮನೆಗೆ ಸರಿಯಾದ ಭಾಷೆ. ಸಿದ್ದಿ ತಾಯಿ ಕನ್ನಡದ ಕಾರ್ಟೂನನ್ನು ತನ್ನ ಮಾತಿನಲ್ಲಿ ಬಿಡಿಸಿ ಹೇಳಿದರೆ, ಅಂಗನವಾಡಿಗೆ ಹೋಗುವ ಮೊದಲೇ ಮಗುವಿನ ಕೈಯಲ್ಲಿ ಎರಡು ಭಾಷೆ ಇರುತ್ತವೆ.

ಮೂರನೆಯದು ಓಟ. ವರ್ಜೀನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ದಡಬಡ ಓಡುವ ಕಾರ್ಟೂನು, ಇನ್ನೊಂದಕ್ಕೆ ನಿಧಾನದ ಕಾರ್ಯಕ್ರಮ, ಮತ್ತೊಂದಕ್ಕೆ ಚಿತ್ರ ಬಿಡಿಸುವ ಕೆಲಸ. ಒಂಬತ್ತೇ ನಿಮಿಷ. ಆಮೇಲೆ ಕೊಟ್ಟ ಪರೀಕ್ಷೆಗಳಲ್ಲಿ, ತಿಂಡಿಗಾಗಿ ತಾಳ್ಮೆಯಿಂದ ಕಾಯುವುದೂ ಅದರಲ್ಲಿ ಒಂದು, ಓಟದ ಕಾರ್ಟೂನು ನೋಡಿದವರು ಹಿಂದೆ ಬಿದ್ದರು. ಆ ಪರಿಣಾಮ ಎಷ್ಟು ಹೊತ್ತು ಉಳಿಯುತ್ತದೆಂದು ಅವರು ಅಳೆಯಲಿಲ್ಲ, ನಿಜ. ಆದರೂ ಉಣ್ಣುವ ಹೊತ್ತಿಗೆ, ಮಲಗುವ ಹೊತ್ತಿಗೆ ಯಾವುದು ಬೇಡ ಎಂದು ತಿಳಿಯಲು ಇಷ್ಟು ಸಾಕು.

ಕೊನೆಯದು ಜಾಹೀರಾತು. ಸ್ವೀಡನ್ನಿನಲ್ಲಿ ಹನ್ನೆರಡರ ಒಳಗಿನ ಮಕ್ಕಳನ್ನು ಗುರಿಯಾಗಿಟ್ಟ ಟೀವಿ ಜಾಹೀರಾತಿಗೆ ನಿಷೇಧವಿದೆ. ನಮ್ಮಲ್ಲಿ ಕತೆಯ ನಡುವೆ ಬಂದ ಐದು ರೂಪಾಯಿಯ ಪಾಕೀಟು ಮರುದಿನ ಗೂಡಂಗಡಿಯಲ್ಲಿ ನೇತಾಡುತ್ತ ಮಗುವನ್ನು ಕರೆಯುತ್ತದೆ. ಮಕ್ಕಳ ವಾಹಿನಿ ಬದುಕುವುದು ಮಗು ಎದ್ದು ಹೋಗದಿದ್ದರೆ ಮಾತ್ರ. ಅದಕ್ಕೇ ಅಲ್ಲಿ ಒಂದು ಮುಗಿಯುವ ಮೊದಲೇ ಇನ್ನೊಂದು ಶುರು. ಅಜ್ಜಿಯ ಗುಬ್ಬಿ-ಕಾಗೆಯ ಕತೆಗಾದರೆ ಕೊನೆ ಇರುತ್ತಿತ್ತು. ಕತೆ ಮುಗಿದರೆ ನಿದ್ದೆ. ಹಾಗಾಗಿ ಆರಿಸಬೇಕಾದದ್ದು ಚಾನೆಲ್ಲನ್ನಲ್ಲ, ಮುಗಿಯುವ ಒಂದು ಕಾರ್ಯಕ್ರಮವನ್ನು.

ಇಂದೂರದ ಆ ತಾಯಿಗೆ ನಾನು ಚಾನೆಲ್ಲಿನ ಹೆಸರು ಹೇಳಲಿಲ್ಲ. ಕನ್ನಡದ್ದು ಹಾಕಿಸಿ, ದಿನಕ್ಕೆ ಒಂದೇ ಕತೆ, ಉಣ್ಣುವಾಗ ಬೇಡ ಎಂದೆ. ಇನ್ನೂ ಒಂದು ಹೇಳಿದೆ, ಅದನ್ನೇ ನಿಮಗೂ ಹೇಳುತ್ತೇನೆ: ರೀಚಾರ್ಜ್ ಮಾಡಿಸುವ ಮುಂಚೆ ಒಂದು ಸಂಜೆ ರಿಮೋಟನ್ನು ಅಜ್ಜಿಯ ಕೈಗೆ ಕೊಡಿ. ಅವಳು ಮಾತು ತಿಳಿಯದೆ ಎದ್ದು ಹೋಗುವ ಚಾನೆಲ್ಲಿನ ಮುಂದೆ ಮೊಮ್ಮಗನನ್ನು ಒಬ್ಬನನ್ನೇ ಕೂರಿಸಬೇಡಿ.