ಖಾಲಿ ಬಾಟಲಿಗೆ ಹತ್ತು ರೂಪಾಯಿ

ಹೋದ ತಿಂಗಳು ಊಟಿಗೆ ಹೋಗಿದ್ದೆವು. ಪೈಕಾರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಟ್ಯಾಕ್ಸಿ ಡ್ರೈವರ್ ಗಾಡಿ ನಿಲ್ಲಿಸಿ, ಮೋರಿ ಪಕ್ಕ ಬಿದ್ದಿದ್ದ ಕ್ವಾರ್ಟರ್ ಬಾಟಲಿಯೊಂದನ್ನು ಎತ್ತಿಕೊಂಡು ಬಂದರು. ಸೀಟಿನ ಕೆಳಗೆ ಅಂಥವೇ ಇನ್ನೂ ನಾಲ್ಕಿದ್ದವು. ನನ್ನ ಮುಖ ನೋಡಿ, "ಪತ್ತು ರೂಬಾ ಸಾರ್" ಎಂದು ನಕ್ಕರು.

ಕಾಡಿನಲ್ಲಿ ಎಸೆದ ಮದ್ಯದ ಬಾಟಲಿಗಳ ಚೂರು ಆನೆಗಳ ಕಾಲಿಗೆ ಚುಚ್ಚುತ್ತಿದೆ ಎಂಬ ವಿಷಯ ಮದ್ರಾಸ್ ಹೈಕೋರ್ಟಿನ ಮುಂದೆ ಬಂದು, 2022ರ ಮೇ ತಿಂಗಳಲ್ಲಿ ನೀಲಗಿರಿಯಲ್ಲಿ ಈ ಪದ್ಧತಿ ಶುರುವಾಯಿತು. ಟಾಸ್ಮಾಕ್ ಅಂಗಡಿಯಲ್ಲಿ ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ಕೊಡಬೇಕು, ಖಾಲಿ ತಂದುಕೊಟ್ಟರೆ ಆ ಹತ್ತು ವಾಪಸ್. ಆಮೇಲೆ ಕೊಯಮತ್ತೂರು, ಪೆರಂಬಲೂರು ಮುಂತಾದ ಜಿಲ್ಲೆಗಳಿಗೂ ಬಂತು. ಕೇರಳದವರು 2025ರ ಸೆಪ್ಟೆಂಬರಿನಲ್ಲಿ ತಿರುವನಂತಪುರ, ಕಣ್ಣೂರುಗಳಲ್ಲಿ ಇಪ್ಪತ್ತು ರೂಪಾಯಿಯಂತೆ ಪ್ರಯೋಗ ಆರಂಭಿಸಿದರು.

ಚೆನ್ನೈಗೆ ಬಂದು ಆಫೀಸಿನ ಊಟದ ಹೊತ್ತಿನಲ್ಲಿ ಇದನ್ನು ಹೇಳಿದೆ. ಹೊಗಳಿದವರಿಗಿಂತ ಬೈದವರೇ ಜಾಸ್ತಿ. "ರೇಟು ಏರಿಸೋಕೆ ಇನ್ನೊಂದು ನೆಪ" ಅಂದರು ಒಬ್ಬರು. "ವಾಪಸ್ ಬರದ ಬಾಟಲಿಯ ದುಡ್ಡು ಯಾರ ಜೇಬಿಗೆ?" ಅಂತ ಇನ್ನೊಬ್ಬರು. ಈ ಎರಡನೆಯ ಪ್ರಶ್ನೆ ನ್ಯಾಯವಾದದ್ದು; ಆ ಲೆಕ್ಕ ಜನರ ಕಣ್ಣಿಗೆ ಬೀಳುವ ಹಾಗಿರಬೇಕು. ಅಂಗಡಿ ನೌಕರರ ವಿರೋಧವನ್ನೂ ನಾನು ತಳ್ಳಿಹಾಕಲಾರೆ. ಪ್ರತಿ ಬಾಟಲಿಗೂ ಸ್ಟಿಕರ್ ಅಂಟಿಸಬೇಕು, ವಾಸನೆ ಹೊಡೆಯುವ ಖಾಲಿಗಳನ್ನು ಎಣಿಸಬೇಕು, ನಿಲ್ಲಲೂ ಜಾಗವಿಲ್ಲದ ಅಂಗಡಿಯಲ್ಲಿ ಗೋಣಿಚೀಲಗಳನ್ನು ಪೇರಿಸಬೇಕು. ಅವರು ಪ್ರತಿಭಟನೆ ಮಾಡಿದ್ದರಲ್ಲಿ ಆಶ್ಚರ್ಯವೇನಿದೆ? ಕಾನೂನು ಬರೆದವರು ಗೋಣಿಚೀಲ ಹೊರುವುದಿಲ್ಲವಲ್ಲ.

ಆದರೆ "ನಮ್ಮ ಜನಕ್ಕೆ ಇದು ಆಗಿಬರಲ್ಲ" ಎಂಬ ಮಾತನ್ನು ಮಾತ್ರ ಒಪ್ಪಲಾರೆ. ನಾನು ಚಿಕ್ಕವನಿದ್ದಾಗ ಮನೆಗೆ ನೆಂಟರು ಬಂದರೆ ಗೋಲ್ಡ್ ಸ್ಪಾಟ್ ತರಲು ನನ್ನನ್ನೇ ಓಡಿಸುತ್ತಿದ್ದರು. ಶೆಟ್ಟರು ಬಾಟಲಿಗೂ ಸೇರಿಸಿ ದುಡ್ಡು ಇಟ್ಟುಕೊಳ್ಳುತ್ತಿದ್ದರು. ನೆಂಟರು ಕೊನೆಯ ಗುಟುಕು ಮುಗಿಸುವುದನ್ನೇ ಕಾಯುತ್ತಾ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ವಾಪಸ್ ಬಂದ ಚಿಲ್ಲರೆ ನನ್ನದೇ ತಾನೆ! ಆಗ ಯಾರೂ ಇದನ್ನು ಪರಿಸರ ಕಾಳಜಿ ಅಂತ ಕರೆಯಲಿಲ್ಲ.

ಒಗ್ಗಿಹೋದದ್ದನ್ನು ಬಿಡಲಾರೆವು, ಹೊಸದು ಬೇಡ ಅನ್ನುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಜನ 1982ರಲ್ಲಿ ಮತ ಹಾಕಿ ಬಾಟಲಿ ಠೇವಣಿ ಕಾನೂನನ್ನು ಉಳಿಸಿಕೊಂಡರು. ಅದನ್ನು ನೀರಿನ ಬಾಟಲಿಗೂ ವಿಸ್ತರಿಸೋಣವೇ ಎಂದು 2014ರಲ್ಲಿ ಕೇಳಿದಾಗ ಅದೇ ರಾಜ್ಯ ದೊಡ್ಡ ಅಂತರದಿಂದ ಬೇಡ ಎಂದಿತು.

ಪೈಕಾರದಿಂದ ವಾಪಸ್ ಬರುವಾಗ ಡ್ರೈವರ್ ಇನ್ನೊಂದು ಕಡೆ ನಿಲ್ಲಿಸಿದರು. ಬಾಟಲಿ ಎತ್ತಿ, ತಿರುಗಿಸಿ ನೋಡಿ, ಇದ್ದ ಜಾಗದಲ್ಲೇ ಇಟ್ಟು ಬಂದರು. "ಕರ್ನಾಟಕ ಸರಕ್ಕು ಸಾರ್, ಕಾಸು ಬರಾದು." ಲೇಬಲ್ ಮೇಲೆ ನಮ್ಮ ಕನ್ನಡ ಅಕ್ಷರ. ಗುಂಡ್ಲುಪೇಟೆ ಕಡೆಯಿಂದ ಬಂದ ಯಾರೋ ನಮ್ಮವರೇ ಎಸೆದಿರಬೇಕು. ನಾಚಿಕೆಯಾಗಿ ಇಳಿದುಹೋಗಿ ಎತ್ತಿಕೊಂಡೆ. ಹೆಂಡತಿ ಅದನ್ನು ಮಕ್ಕಳ ಬ್ಯಾಗಿನ ಹತ್ತಿರ ಇಡಲು ಬಿಡಲಿಲ್ಲ. ಚೆನ್ನೈವರೆಗೂ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಬಂತು.