ಬಾಟಲಿಯ ಬೆನ್ನು ಓದಿ

ಪೂಜೆ, ಪುರೋಹಿತರು, ಹೋಳಿಗೆ ಎಲ್ಲ ಹಿಂದಿನ ವಾರವೇ ಮುಗಿದಿದ್ದವು. ಇದು ಮಿಸ್ಸಿಸಾಗಾದ ಆ ಹೊಸ ಮನೆಯಲ್ಲಿ ಸ್ನೇಹಿತರಿಗೆಂದೇ ಇಟ್ಟುಕೊಂಡ ಶನಿವಾರದ ಸಂಜೆಯೂಟ. ನಾನು ನಯಾಗರಾ ಕಡೆಯ ಒಂದು ಕೆಂಪು ವೈನ್ ಒಯ್ದಿದ್ದೆ. ಲೇಬಲ್ಲಿನ ಮೇಲೆ ಮಗು ಗೀಚಿದಂಥ ಒಂದು ನೀಲಿ ಹಕ್ಕಿ, ಅಷ್ಟೆ. ಮನೆಯ ಯಜಮಾನರು ಅದನ್ನು ಕೈಗೆತ್ತಿಕೊಂಡು, "ಏನ್ ಸಾರ್, ಮಕ್ಕಳ ಜ್ಯೂಸ್ ತಂದುಬಿಟ್ರಾ?" ಎಂದು ನಕ್ಕು, ಅಡುಗೆಮನೆಯಲ್ಲಿ ಕೆಚಪ್ ಪಕ್ಕ ಇಟ್ಟರು. ಊಟದ ಮೇಜಿನ ಮೇಲೆ ಕೂರುವ ಭಾಗ್ಯ ಕೋಟೆಯ ಚಿತ್ರ, ಚಿನ್ನದ ಅಕ್ಷರ, ಕೆನೆಬಣ್ಣದ ಕಾಗದದ ಬಾಟಲಿಗಳಿಗೆ ಮಾತ್ರ.

ಅವರ ಮೇಲೆ ನನಗೆ ಕೋಪವಿಲ್ಲ. ಕೋಪವಿರುವುದು ಆ ನಗುವಿನ ಹಿಂದಿನ ನಂಬಿಕೆಯ ಮೇಲೆ: ಒಳ್ಳೆಯ ವೈನ್ ಎಂದರೆ ಹಳೆಯ ವೇಷ ತೊಟ್ಟಿರಬೇಕು, ಹೊಸ ವಿನ್ಯಾಸದ ಲೇಬಲ್ ಇದ್ದರೆ ಅದು ಅಗ್ಗದ ಮಾಲು. ವೈನ್ ಬಲ್ಲವರೆನಿಸಿಕೊಂಡ ಅನೇಕರು ಇದನ್ನೇ ಗಂಭೀರವಾಗಿ ಹೇಳುತ್ತಾರೆ. ನಾನು ಬಿ.ಕಾಂ., ಸಿ.ಎ. ಓದಿ, ಬೇರೆಯವರ ಲೆಕ್ಕ ನೋಡಿ ಅನ್ನ ತಿನ್ನುವವನು. ವೈನಿನ ರುಚಿಗೆ ತೀರ್ಪು ಕೊಡುವ ನಾಲಿಗೆ ನನಗಿಲ್ಲ. ಆದರೆ ಲೇಬಲ್ ಎಂಬುದು ಒಂದು ದಾಖಲೆ. ದಾಖಲೆಯ ಬಗ್ಗೆ ಮಾತಾಡಲು ನನಗೆ ಹಕ್ಕಿದೆ.

ಮೊದಲು ಈ ಪರಂಪರೆಯ ಲೆಕ್ಕವನ್ನೇ ತೆಗೆಯೋಣ. ಬೋರ್ಡೋದ ದೊಡ್ಡ ತೋಟಗಳು ಬಹುಕಾಲ ವೈನನ್ನು ಪೀಪಾಯಿಗಳಲ್ಲಿ ವರ್ತಕರಿಗೆ ಮಾರುತ್ತಿದ್ದವು. ಬಾಟಲಿಗೆ ತುಂಬಿ ಲೇಬಲ್ ಅಂಟಿಸುತ್ತಿದ್ದವರು ಹೆಚ್ಚಾಗಿ ಆ ವರ್ತಕರೇ. 1924ರಲ್ಲಿ ಷಾಟೋ ಮೂಟಾನ್ ರಾತ್‌ಶೀಲ್ಡ್‌ನ ಯುವ ಯಜಮಾನ ಫಿಲಿಪ್ ದ ರಾತ್‌ಶೀಲ್ಡ್ ತನ್ನ ವೈನನ್ನು ತೋಟದಲ್ಲೇ ಬಾಟಲಿಗೆ ತುಂಬಿಸಿದ. ಅಂದರೆ ಒಳಗಿರುವುದಕ್ಕೆ ತಾನೇ ಸಹಿ ಹಾಕಿದ. ಆ ವರ್ಷದ ಲೇಬಲ್ ಬರೆದವನು ಪೋಸ್ಟರ್ ಕಲಾವಿದ ಝಾಂ ಕಾರ್ಲು, ಅದೂ ಕ್ಯೂಬಿಸ್ಟ್ ಶೈಲಿಯಲ್ಲಿ. 1945ರಿಂದ ವರ್ಷಕ್ಕೊಂದು ಹೊಸ ಕಲಾಕೃತಿ. 1973ರ ಬಾಟಲಿಗೆ ಪಿಕಾಸೊ. ಅದೇ ವರ್ಷ ಮೂಟಾನ್‌ಗೆ ಮೊದಲ ದರ್ಜೆಯ ಪಟ್ಟವೂ ದಕ್ಕಿತು. ಚಿತ್ರದಿಂದ ಯಾರ ಮಾನವೂ ಹೋಗಲಿಲ್ಲ.

ನಮ್ಮ ಒಂಟಾರಿಯೊಕ್ಕೆ ಬನ್ನಿ. 1927ರಲ್ಲಿ ಪಾನನಿಷೇಧ ಮುಗಿದು ಎಲ್‌ಸಿಬಿಒ ಶುರುವಾದಾಗ ಗಿರಾಕಿಗಳು ಬಾಟಲಿ ಮುಟ್ಟುವಂತಿರಲಿಲ್ಲ. ಪರ್ಮಿಟ್ ತೋರಿಸಿ ಚೀಟಿ ಬರೆದುಕೊಟ್ಟರೆ ಗುಮಾಸ್ತ ಒಳಗಿನಿಂದ ತಂದುಕೊಡುತ್ತಿದ್ದ, ನಮ್ಮೂರ ರೇಷನ್ ಅಂಗಡಿಯ ಹಾಗೆ. ಸ್ವಯಂಸೇವೆಯ ಮೊದಲ ಅಂಗಡಿ ತೆರೆದದ್ದು 1969ರಲ್ಲಿ. ಇಲ್ಲಿ ಲೇಬಲ್ಲು ಗಿರಾಕಿಯ ಜೊತೆ ನೇರವಾಗಿ ಮಾತಾಡತೊಡಗಿ ಒಬ್ಬ ಮನುಷ್ಯನ ಆಯುಸ್ಸಿನಷ್ಟೂ ಕಾಲವಾಗಿಲ್ಲ. ಹಾಗಿರುವಾಗ ಯಾವ ಪರಂಪರೆ ಕೆಟ್ಟಿತೆಂದು ಅಳುವುದು?

ಎದುರುವಾದಿಗಳ ಮಾತಿನಲ್ಲೂ ಹುರುಳಿದೆ. 2001ರಲ್ಲಿ ಆಸ್ಟ್ರೇಲಿಯಾದ ಯೆಲ್ಲೋ ಟೇಲ್ ಕಾಂಗರೂ ಜಾತಿಯ ಪ್ರಾಣಿಯ ಚಿತ್ರ ಹಾಕಿ ಗೆದ್ದ ಮೇಲೆ ಕಪಾಟುಗಳು ಮೃಗಾಲಯವಾದವು. ಚಿತ್ರ ಚೆಂದವಿದ್ದ ಮಾತ್ರಕ್ಕೆ ವೈನ್ ಚೆಂದವಾಗದು, ಒಪ್ಪಿದೆ. ಆದರೆ ಕೋಟೆಯೂ ಒಂದು ಚಿತ್ರವೇ ಅಲ್ಲವೇ? ಬೆಳ್ಳಗಿರುವುದೆಲ್ಲ ಹಾಲಲ್ಲ.

ನನ್ನ ಕಸುಬಿನಲ್ಲಿ ಒಂದು ಪಾಠವಿದೆ. ವಾರ್ಷಿಕ ವರದಿಯ ಮುಖಪುಟದಲ್ಲಿ ಅಧ್ಯಕ್ಷರು ನಗುತ್ತಿರುತ್ತಾರೆ. ಸತ್ಯ ಇರುವುದು ಹಿಂದಿನ ಪುಟಗಳ ಸಣ್ಣಕ್ಷರದ ಟಿಪ್ಪಣಿಗಳಲ್ಲಿ. ವೈನೂ ಹಾಗೆಯೇ. ಆ ರಾತ್ರಿ ಚಿನ್ನದ ಅಕ್ಷರದ ಒಂದು ಬಾಟಲಿಯನ್ನು ತಿರುಗಿಸಿ ನೋಡಿದೆ. 'ವ್ಯಾನ್ ದ ಫ್ರಾನ್ಸ್' ಎಂದಿತ್ತು. ಅಂದರೆ ಫ್ರಾನ್ಸ್ ದೇಶದ ವೈನ್; ಯಾವ ಸೀಮೆಯದೆಂದು ಇಲ್ಲ. ಕೆಚಪ್ ಪಕ್ಕದ ನನ್ನ ಹಕ್ಕಿಯ ಬಾಟಲಿಯ ಮೇಲೆ ವಿಕ್ಯೂಎ ಮುದ್ರೆ ಇತ್ತು. ಒಂಟಾರಿಯೊದಲ್ಲಿ 1999ರ ಕಾಯ್ದೆಯ ಬೆಂಬಲವಿರುವ ಆ ಮುದ್ರೆ ಬೇಕಾದರೆ ದ್ರಾಕ್ಷಿ ನೂರಕ್ಕೆ ನೂರು ಇಲ್ಲಿಯದೇ ಆಗಿರಬೇಕು. ಅದರ ಪಕ್ಕದ ಕಪಾಟಿನಲ್ಲೇ, ಹೊರದೇಶದ ವೈನನ್ನು ಸ್ಥಳೀಯದೊಂದಿಗೆ ಬೆರೆಸಿದ 'ಅಂತರರಾಷ್ಟ್ರೀಯ ಮಿಶ್ರಣ'ಗಳೂ ಸಿಗುತ್ತವೆ. ಎರಡರ ವ್ಯತ್ಯಾಸ ಮುಂದಿನ ಚಿತ್ರದಲ್ಲಿ ಕಾಣುವುದಿಲ್ಲ. ಬೆನ್ನು ಓದಬೇಕು. ಆದ್ದರಿಂದ ಜಗಳವಾಡುವುದಿದ್ದರೆ ಹಕ್ಕಿಯೋ ಕೋಟೆಯೋ ಎಂದಲ್ಲ, ಆ ಸಣ್ಣಕ್ಷರ ಇನ್ನೂ ದೊಡ್ಡದಾಗಲಿ ಎಂದು ಜಗಳವಾಡೋಣ.

ಈ ಮಾತು ನಮ್ಮ ನಾಡಿಗೂ ಸಲ್ಲುತ್ತದೆ. ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಗ್ರೋವರ್ ತೋಟದ ಹೆಸರುವಾಸಿ ಕೆಂಪು ವೈನಿನ ಹೆಸರು 'ಲಾ ರಿಸರ್ವ್'. ಸೊಗಸಾದ ವೈನೆಂದು ಬಲ್ಲವರು ಹೇಳುತ್ತಾರೆ. ಆದರೆ ನಂದಿಯ ಮಣ್ಣಿಗೆ ಫ್ರೆಂಚ್ ಹೆಸರೇ ಏಕೆ ಬೇಕು? ಮಾರುಕಟ್ಟೆ ಕೇಳುತ್ತದೆ ಎನ್ನುತ್ತಾರೆ. ಮಾರುಕಟ್ಟೆಗೆ ಹಾಗೆ ಕೇಳುವುದನ್ನು ಕಲಿಸಿದವರು ಯಾರು? ಬೋರ್ಡೋದವರು ತಮ್ಮ ಹಳ್ಳಿಯ ಹೆಸರು ಬರೆದು ಜಗತ್ತಿಗೆ ಉಚ್ಚಾರಣೆ ಕಲಿಸಿದರು; ನಾವು ನಮ್ಮ ಹಳ್ಳಿಯ ಹೆಸರನ್ನು ಬೆನ್ನಿಗೆ ತಳ್ಳುತ್ತೇವೆ. 2013ರಲ್ಲಿ ಭೌಗೋಳಿಕ ಸೂಚಕ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯನ್ನು ನಾವೇ ಜ್ಯೂಸಿನ ಹಣ್ಣೆಂದು ಮೂಗು ಮುರಿಯುತ್ತೇವೆ. ಹಿತ್ತಲ ಗಿಡ ಮದ್ದಲ್ಲ.

ಕೆನಡಾದಲ್ಲಿ ಬಾಟಲಿಯ ಕಡ್ಡಾಯ ವಿವರಗಳು ಬಹುಮಟ್ಟಿಗೆ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಇರಲೇಬೇಕು. ಅದರಿಂದ ಯಾವ ಲೇಬಲ್ಲಿನ ಅಂದವೂ ಕೆಟ್ಟಿಲ್ಲ. ಕರ್ನಾಟಕದಲ್ಲಿ ತಯಾರಾದ ಸರಕಿನ ಹೆಸರು, ವಿವರ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವೂ ಹೇಳುತ್ತದೆ. ಅದನ್ನು ಹೊರೆಯೆಂದು ಮೂಲೆಯಲ್ಲಿ ಇರುವೆಯ ಗಾತ್ರದಲ್ಲಿ ಮುದ್ರಿಸಬೇಡಿ. ನಮ್ಮ ದುಂಡಕ್ಷರಕ್ಕಿಂತ ಚೆಲುವಾದ ವಿನ್ಯಾಸ ಬಾಟಲಿಗೆ ಬೇರೇನು ಬೇಕು? 'ನಂದಿ' ಎಂದು ಮುಂದೆಯೇ ದೊಡ್ಡದಾಗಿ ಬರೆಯಿರಿ. ಟೊರಾಂಟೋದ ಕಪಾಟಿನಲ್ಲಿ ಅದನ್ನು ಕಂಡ ದಿನ ಮೊದಲ ಪೆಟ್ಟಿಗೆ ನನ್ನದು.

ಕುಡಿಯದವರು ನನ್ನನ್ನು ಕ್ಷಮಿಸಲಿ. ತುಪ್ಪಕ್ಕೂ ಜೇನಿಗೂ ಕಾಫಿಪುಡಿಗೂ ಇದೇ ಮಾತು ಅನ್ವಯಿಸುತ್ತದೆ. ಕುಡಿಯುವವರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಯಾರಾದರೂ ಹಕ್ಕಿಯ ಬಾಟಲಿ ತಂದರೆ ನಗುವ ಮುನ್ನ ಒಮ್ಮೆ ತಿರುಗಿಸಿ ನೋಡಿ.