ಹೆಸರು ಬರೆಸಿದ ಲೋಟ

ವಧೂವರರ ಹೆಸರು, ದಿನಾಂಕ ಅಚ್ಚೊತ್ತಿದ ಗಾಜಿನ ಲೋಟಗಳನ್ನು ಮದುವೆಗೆ ಬಂದವರಿಗೆ ಹಂಚುವ ಷೋಕಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ನಮ್ಮ ಬಂಧುಗಳನ್ನೂ ಘಟ್ಟದ ಮೇಲಿನ ನಮ್ಮನ್ನೂ ಹಿಡಿದಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟವನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ, ಗಾಜಾದರೋ ಪರಿಸರಸ್ನೇಹಿ ಎಂಬುದು ಇವರ ಸಮರ್ಥನೆ. ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಮಾಡಿದ ವಸ್ತು ಹತ್ತಾರು ವರ್ಷ ಬಳಕೆಯಾಗುವುದಾದರೆ ಈ ಮಾತು ಒಪ್ಪತಕ್ಕದ್ದೇ. ಆದರೆ ಅನ್ಯರ ಹೆಸರು ಹೊತ್ತ ಲೋಟದಲ್ಲಿ ಮನೆಗೆ ಬಂದವರಿಗೆ ನೀರು ಕೊಡುವವರು ಯಾರು? ಅದು ಕಪಾಟು ಸೇರುತ್ತದೆ, ಒಡೆದರೆ ಗೊಬ್ಬರಗುಂಡಿ. ಗಾಜು ಕೊಳೆಯದು. ಹಟ್ಟಿಗೊಬ್ಬರದೊಡನೆ ಗದ್ದೆಗೆ ಬಂದ ಚೂರನ್ನು ಮೊದಲು ಪತ್ತೆಹಚ್ಚುವುದು ನೇಜಿ ನೆಡುವ ಹೆಂಗಸರ ಬರಿಗಾಲು. ಮಣ್ಣಿನ ಮಾದರಿ ತೆಗೆಯಲು ಕೆಸರಿಗಿಳಿದ ನನ್ನ ಅಂಗಾಲಿಗೂ ಈ ಪಾಠವಾಗಿದೆ.

ಪಾತ್ರೆಗೆ ಹೆಸರು ಹಾಕಿಸುವುದು ನಮ್ಮಲ್ಲಿ ಹೊಸತಲ್ಲ. ನಮ್ಮ ಅಜ್ಜಿಯ ಹಿತ್ತಾಳೆ ಚೆಂಬಿನ ಮೇಲೂ ಹೆಸರಿದೆ. ನೆರೆಮನೆಯ ಮದುವೆಗೆ ಎರವಲು ಹೋದ ಚೆಂಬು ತಪ್ಪದೆ ಮರಳಿ ಬರಲೆಂದು ಕೊರೆಸಿದ್ದು ಅದು. (ಇಂದಿಗೂ ಅದರಲ್ಲೇ ನೀರು ಕುಡಿಯುತ್ತೇವೆ.) ಆ ಹೆಸರು ಬಳಸುವವರದು, ಈ ಲೋಟದ ಮೇಲಿನದು ಕೊಟ್ಟವರ ಜಾಹೀರಾತು.

ಹೆಸರು ಅಚ್ಚಾಗಲೇಬೇಕಿದ್ದರೆ ಆಮಂತ್ರಣ ಪತ್ರಿಕೆ ಇದ್ದೇ ಇದೆ. ನೆಂಟರ ಕೈಗೆ ಘಟ್ಟದ ಅಡಿಕೆ, ಕರಾವಳಿಯ ತೆಂಗಿನಕಾಯಿ, ನಾಲ್ಕು ವೀಳ್ಯದೆಲೆ ಕೊಡಿ. ಲೋಟವೇ ಆಗಬೇಕೆಂದರೆ ಹೆಸರಿಲ್ಲದ ಸ್ಟೀಲಿನದು ಕೊಡಿ.